ಅಕ್ಕ ಮನೆ ಕಟ್ಟದೆ ಕಾದ ಆರು ವರ್ಷ

ಆನೆಗೊಂದಿಯ ಹತ್ತಿರ ಗುಡ್ಡದ ಬುಡದಲ್ಲಿ ಅಕ್ಕನ ಸುಟ್ಟ ಮನೆಯ ಗೋಡೆಗಳು ಆರು ವರ್ಷ ಹಾಗೇ ನಿಂತಿದ್ದವು. ಕಲ್ಲು ಇದ್ದವು. ಸರ್ಕಾರದಿಂದ ಬಂದ ತಗಡು ಇದ್ದವು. ಕಟ್ಟುವ ಕಸುವು ಮಾವನಿಗೆ ಇತ್ತು. ಅಕ್ಕನ ಗಂಡನನ್ನು ನಾನು ಮಾವ ಅಂತಲೇ ಕರೆಯುವುದು. ಅಕ್ಕ ಮಾತ್ರ ಕಟ್ಟಗೊಡಲಿಲ್ಲ. ಗುಡ್ಡದವ್ವನ ಅಪ್ಪಣೆ ಆಗಿಲ್ಲ ಅನ್ನುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಅವಳು ಅದೇ ವಾರ ಬೂದಿ ಬಾಚಿ ಕೆಲಸ ಹಚ್ಚುತ್ತಿದ್ದಳು. ಆ ಮಾತು ಆರು ವರ್ಷ ನನ್ನ ಬಾಯಲ್ಲೇ ಇತ್ತು.

ನಾನು ಯಲಬುರ್ಗಾ ಕಡೆಯ ಎರಿ ಸೀಮೆಯವನು. ಕಪ್ಪು ಮಣ್ಣು, ಮಳೆ ಬಂದರೆ ಬೆಳೆ. ನಾಲ್ಕನೇ ಇಯತ್ತೆ ಮುಗಿಸಿ ಕುರಿ ಹಿಂದೆ ಹೋದೆ. ಸಾಲಿಯಿಂದ ನನಗೆ ಉಳಿದದ್ದು ಅಕ್ಷರ ಕೂಡಿಸಿ ಓದುವುದು, ಮತ್ತೆ ಒಂದು ಸಹಿ. ಮುಂದೆ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುವಾಗ ಊಟದ ಹೊತ್ತಿಗೆ ಹಳೆ ಪೇಪರು ಓದುತ್ತಾ ಓದುತ್ತಾ ಬರೆಯುವ ಧೈರ್ಯ ಬಂತು. ಆದರೂ ಈಗಲೂ ನಾಲ್ಕು ಸಾಲು ಬರೆದರೆ ಚೀಲ ಹೊತ್ತು ಇಳಿಸಿದಷ್ಟು ದಣಿವು.

ಅಕ್ಕನನ್ನು ಆನೆಗೊಂದಿ ಕಡೆಗೆ ಕೊಟ್ಟಾಗ ನಮ್ಮಪ್ಪನಿಗೆ ಬಂಗಾರ ಹಾಕುವ ಶಕ್ತಿ ಇರಲಿಲ್ಲ. ಅವಳು ಮನೆ ಕಟ್ಟುತ್ತಾಳೆ ಅಂತ ಗೊತ್ತಾದಾಗ ಹೊಲದ ಬದುವಿನ ದೊಡ್ಡ ಬೇವಿನ ಮರ ಕಡಿಸಿ, ತೊಲೆ ಮಾಡಿಸಿ, ಎರಡು ಬಂಡಿಯಲ್ಲಿ ಹೇರಿ ಕಳಿಸಿದ. ಆಗ ನನಗೆ ಎಂಟು ವರ್ಷ. ಎರಡನೇ ಬಂಡಿಯ ತೊಲೆಯ ತುದಿಗೆ ಕಾಲು ಇಳಿಬಿಟ್ಟು ಕೂತು ಮೂರು ದಿನ ಬಂದಿದ್ದೆ. ಬೇವಿನ ಹಸಿ ವಾಸನೆ ನನ್ನ ಅಂಗಿಗೆ ಹತ್ತಿಕೊಂಡಿತ್ತು. ಆ ತೊಲೆಗಳ ಮೇಲೆ ಮಣ್ಣು ಹಾಕಿ ಮಾಳಿಗೆ ಮಾಡಿದರು. ಮುಂದೆ ಹೊಳೆಯ ಜೊಂಡು ಹೊದಿಸಿ ಒಂದು ಪಡಸಾಲೆ ಇಳಿಸಿದರು. ಮಳೆ ಹತ್ತಿರ ಬಂದಿತ್ತು ಅಂತ ಅವಸರದಲ್ಲಿ ಒಕ್ಕಲಾದರು. ಗುಡ್ಡದವ್ವನಿಗೆ ಉಡಿ ತುಂಬಬೇಕು ಅಂತ ಅಕ್ಕ ಹರಕೆ ಹೊತ್ತಿದ್ದಳು. ಬರುವ ವರ್ಷ ತುಂಬಿದರಾಯಿತು ಅಂದುಕೊಂಡಳು. ಬರುವ ವರ್ಷ ಬಂತು, ಹೋಯಿತು. ಈ ಮಾತು ಮುಂದೆ ಬರುತ್ತದೆ, ಅದಕ್ಕೆ ಹೇಳಿದೆ.

ದೊಡ್ಡವನಾದ ಮೇಲೆ ಪ್ರತಿ ವರ್ಷ ಸಂಕ್ರಾಂತಿಯ ಸುಮಾರಿಗೆ ಕುರಿ ಹೊಡೆದುಕೊಂಡು ಅಕ್ಕನ ಊರಿನ ಕಡೆ ಇಳಿಯುತ್ತಿದ್ದೆ. ನೀರಾವರಿ ಸೀಮೆಯವರು ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಎರಡನೇ ನೆಲ್ಲು ನಾಟಿ ಆದ ಮೇಲೆ ಗದ್ದೆಯಲ್ಲಿ ಜಾಗ ಇರುತ್ತಿರಲಿಲ್ಲ, ಗುಡ್ಡಕ್ಕೆ ಹತ್ತಿಸುತ್ತಿದ್ದೆ. ಮುಂಜಾನೆಯ ರೊಟ್ಟಿ ಅಕ್ಕನ ಮನೆಯಲ್ಲಿ. ಮಾವನಿಗೆ ನನ್ನನ್ನು ಕಾಡದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ.

"ಬಾರಪಾ ಎರಿಯವನ. ಎರಿ ಮಂದಿಗೆ ಅನ್ನ ಹಾಕಿದ್ರ ಹೊಟ್ಟಿ ಎಲ್ಲೈತಿ ಅಂತ ಹುಡಕ್ತಾರ. ಇವಗ ನಾಕು ರೊಟ್ಟಿ ಬಡಿ."

"ನಿಮ್ಮ ಅನ್ನ ತಿಂದು ಕುರಿ ಹಿಂದ ಓಡಾಕ ಆಗಂಗಿಲ್ರಿ ಮಾವ, ಕುರಿನ ನನ್ನ ಹೊತಗೊಂಡು ಬರಬೇಕಾಗ್ತತಿ," ಅನ್ನುತ್ತಿದ್ದೆ. ಅಕ್ಕ ಒಲೆಯ ಮುಂದೆ ಕೂತು ನಗುತ್ತಿದ್ದಳು.

ನಮ್ಮ ಎರಿ ಸೀಮೆಯ ಗುಡ್ಡಗಳಲ್ಲಿ ಕುರಿಯವರದು ಒಂದು ರೂಢಿ. ಬೇಸಿಗೆಯ ಕೊನೆಗೆ, ಮುಂಗಾರಿಗೆ ಮೊದಲಿನ ಅಡ್ಡ ಮಳೆ ಬೀಳುವ ಮುಂಚೆ, ಒಣಗಿ ಗರಗರ ಅನ್ನುವ ಹಳೆ ಹುಲ್ಲಿಗೆ ಬೆಂಕಿ ಕೊಡುತ್ತಾರೆ. ಮೇಲೆ ಒಂದು ಮಳೆ ಬಿದ್ದರೆ ಎಂಟು ದಿನದಲ್ಲಿ ಬೆರಳುದ್ದ ಎಳೆ ಹುಲ್ಲು. ನಮ್ಮಲ್ಲಿ ಗುಡ್ಡ ಅಂದರೆ ಬರೀ ಬೋಳು. ಹುಲ್ಲು ತೆಳುವು, ಬೆಂಕಿ ನಾಲ್ಕು ಮಾರು ಓಡಿ ಬಂಡೆ ಸಿಕ್ಕರೆ ಸಾಯುತ್ತದೆ, ಬುಡದಲ್ಲಿ ಮನೆಯೂ ಇಲ್ಲ, ತೋಟವೂ ಇಲ್ಲ. ಅಪ್ಪ ಮಾಡಿದ್ದು, ನಾನು ಹನ್ನೆರಡು ವರ್ಷದವನಿದ್ದಾಗಿನಿಂದ ಮಾಡಿದ್ದು. ಅದರಲ್ಲಿ ತಪ್ಪಿದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಮಾವ ಒಮ್ಮೆ ಹೇಳಿದ್ದ. "ಇಲ್ಲಿ ಗುಡ್ಡಕ್ಕ ಕಡ್ಡಿ ಕೊರಿಬ್ಯಾಡ ಮತ್ತ. ಇದು ನಿಮ್ಮ ಸೀಮಿ ಅಲ್ಲ. ಇಲ್ಲಿ ಬಂಡಿಗಲ್ಲಿನ ಸಂದಿಗೆಲ್ಲ ಗಿಡಗಂಟಿ ಅದಾವು, ಕೆಳಗ ಬಾಳಿ ತ್ವಾಟ, ಬಣವಿ."

"ಹೌದ್ರಿ," ಅಂದಿದ್ದೆ. ನೀರಾವರಿಯವರಿಗೆ ಎಲ್ಲದಕ್ಕೂ ಅಂಜಿಕೆ ಅಂತ ಒಳಗೆ ಅಂದುಕೊಂಡಿದ್ದೆ.

ಕೊಪ್ಪಳ ಹೊಸ ಜಿಲ್ಲೆ ಆದ ಮೇಲಿನ ಬೇಸಿಗೆ ಅದು. ಯುಗಾದಿ ಕಳೆದು ತಿಂಗಳಾಗುತ್ತ ಬಂದಿತ್ತು. ಅಕ್ಕ, ಮಾವ, ಅವರ ಹನ್ನೆರಡು ವರ್ಷದ ಮಗಳು ಮೂವರೂ ನೆಲ್ಲು ಕೊಯ್ಯಲು ಹೊಳೆಯ ನಡುವಿನ ವಿರೂಪಾಪುರಗಡ್ಡೆಗೆ ಹೋಗುವವರಿದ್ದರು. ನಾನು ಮುಂಜಾನೆ ರೊಟ್ಟಿ ತಿಂದು ಎದ್ದೆ. ಬೀಡಿ ಇತ್ತು, ನನ್ನ ಕಡ್ಡಿಪೆಟ್ಟಿಗೆ ತೀರಿತ್ತು. ಒಲೆಯ ಮೇಲಿನ ಗೂಡಿನಲ್ಲಿ ಅಕ್ಕನದು ಇತ್ತು. ಅದರ ಒಳಗಿನ ಡಬ್ಬಿ ಜಾರಿ ಬೀಳುತ್ತದೆ ಅಂತ ಅಕ್ಕ ಅದಕ್ಕೆ ಬಾಳೆ ನಾರು ಸುತ್ತಿ ಇಟ್ಟಿದ್ದಳು. ಕೇಳದೇ ತೆಗೆದು ಜೇಬಿಗೆ ಹಾಕಿಕೊಂಡೆ. ಸಂಜೆ ಇಟ್ಟರಾಯಿತು ಅಂದುಕೊಂಡೆ.

ಮಧ್ಯಾಹ್ನ ಗಾಳಿ ನಿಂತಿತ್ತು. ಮೋಡ ಕಟ್ಟುತ್ತಿದ್ದವು. ಇನ್ನು ಎರಡು ಮೂರು ದಿನದಲ್ಲಿ ಅಡ್ಡ ಮಳೆ ಬರುತ್ತದೆ ಅಂತ ಲೆಕ್ಕ ಹಾಕಿದೆ. ಲಕ್ಕಿ ಗಿಡದ ಟೊಂಗೆ ಮುರಿದು ಮೂರು ಕಡೆ ಹುಲ್ಲು ಬಡಿದು ಹಾದಿ ಮಾಡಿದೆ, ಬೆಂಕಿ ದಾಟದಿರಲಿ ಅಂತ. ನಾಲ್ಕನೇ ಕಡೆ, ಕೆಳಗೆ, ಆನೆಯಷ್ಟು ದೊಡ್ಡ ಬಂಡೆ ಮಲಗಿತ್ತು. ಬಂಡೆ ಇದೆಯಲ್ಲ ಅಂತ ಬಿಟ್ಟೆ. ಕಡ್ಡಿ ಗೀರಿದೆ.

ಬಂಡೆಯ ಹಿಂದಿನ ಸಂದಿಯಲ್ಲಿ ಸೀತಾಫಲದ ಒಣ ಎಲೆ ಮೊಣಕಾಲುದ್ದ ಬಿದ್ದಿದ್ದವು. ನಮ್ಮ ಗುಡ್ಡದಲ್ಲಿ ಬಂಡೆ ಅಂದರೆ ಬಂಡೆ, ಅದರ ಹಿಂದೆ ಏನೂ ಇರುವುದಿಲ್ಲ. ಇಲ್ಲಿ ಬಂಡೆಯ ಹಿಂದೆ ಇನ್ನೊಂದು ಅಡವಿ ಇತ್ತು. ಬೆಂಕಿ ಸಂದಿಯಲ್ಲಿ ಇಳಿದದ್ದು ನನಗೆ ಕಾಣಲೇ ಇಲ್ಲ. ಕಂಡಾಗ ಆ ಕಡೆಯಿಂದ ಎದ್ದಿತ್ತು, ಮೋಡದ ಗಾಳಿಯೂ ಎದ್ದಿತ್ತು. ಉರಿಯುವ ಹುಲ್ಲಿನ ಎಸಳು ಗಾಳಿಯಲ್ಲಿ ತೇಲಿ ಕೆಳಗೆ ಹೋದವು. ಮೊದಲು ಅಕ್ಕನ ನೆಲ್ಲು ಹುಲ್ಲಿನ ಬಣವೆ, ಆಮೇಲೆ ಜೊಂಡಿನ ಪಡಸಾಲೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ಓಡಿ ಕೆಳಗೆ ಇಳಿದಿದ್ದರೆ ಪಡಸಾಲೆಯ ಜೊಂಡು ಕಿತ್ತು ಎಳೆಯಬಹುದಿತ್ತು, ಒಳಗಿನ ತೊಲೆ ಉಳಿಯುತ್ತಿದ್ದವೋ ಏನೋ. ನಾನು ಮೊದಲು ಕುರಿ ಹೊಡೆದೆ. ಕುರಿಗಳನ್ನು ಗುಡ್ಡದ ಆ ಬದಿಗೆ ಇಳಿಸಿ, ಎಣಿಸಿ, ಆಮೇಲೆ ಸುತ್ತು ಹಾಕಿ ಬಂದೆ. ನಾನು ಬರುವಷ್ಟರಲ್ಲಿ ಊರಿನ ಮಂದಿ ಕೊಡ ಹಿಡಿದು ನಿಂತಿದ್ದರು. ತೊಲೆ ಒಂದೊಂದೇ ಮುರಿದು ಮಾಳಿಗೆಯ ಮಣ್ಣು ಒಳಗೆ ಕುಸಿಯುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ. ನಾನೂ ಒಂದು ಕೊಡ ಹಿಡಿದೆ. ಸಂಜೆ ಅಕ್ಕ ಬಂದಾಗ ಎಲ್ಲರಿಗಿಂತ ಮೈಗೆ ಹೆಚ್ಚು ಮಸಿ ಹತ್ತಿದವನು ನಾನೇ.

"ಯಪ್ಪಾ, ನೀ ಸುಟ್ಟಗೊಂಡಿಲ್ಲಲ್ಲ?" ಅಂತ ಅವಳು ಮೊದಲು ನನ್ನ ಕೈ ಹಿಡಿದು ನೋಡಿದಳು.

ಎರಡು ದಿನ ಬಿಟ್ಟು ಪಂಚನಾಮೆ ಬರೆಯಲು ಕಂದಾಯ ಇಲಾಖೆಯ ತಲಾಟಿ ಬಂದರು. ಹುಣಸೆ ಗಿಡದ ನೆರಳಲ್ಲಿ ಕೂತು ಕೇಳಿದರು. "ಬೆಂಕಿ ಹೆಂಗ ಬಂತಂತ ಬರೀಲಿ? ಯಾರರ ಹಚ್ಚಿದ್ರೇನು?"

"ಯಾರ ಮ್ಯಾಲೆ ಹೇಳೋಣ್ರಿ. ಬ್ಯಾಸಗಿ, ಗುಡ್ಡ," ಅಂದ ಮಾವ.

"ಆಕಸ್ಮಿಕ ಅಂತ ಬರಿತೀನಿ. ಇಲ್ಲೆ ಸಹಿ ಬರೂದು ಯಾರಿಗೆ?"

ಎಲ್ಲರೂ ನನ್ನ ಕಡೆ ನೋಡಿದರು. ಮಾವ ಹೆಬ್ಬೆಟ್ಟಿನವನು. ನನ್ನದು ನಾಲ್ಕನೇ ಇಯತ್ತೆಯವರೆಗೆ ಮಾಸ್ತರರು ಕೈ ಹಿಡಿದು ತಿದ್ದಿಸಿದ ಸಹಿ. ಅಲ್ಲಿಯವರೆಗೆ ಅದನ್ನು ಎಲ್ಲೂ ಹಾಕುವ ಕೆಲಸ ಬಿದ್ದಿರಲಿಲ್ಲ. ಅವತ್ತು ಹಾಕಿದೆ. "ರಾಯಚೂರಿಗೆ ಓಡಾಡೂದು ತಪ್ಪೇತಿ, ಇನ್ನ ಎಲ್ಲಾ ಕೊಪ್ಪಳಕ್ಕ," ಅಂತ ತಲಾಟಿ ಕಾಗದ ಮಡಿಸಿಕೊಂಡು ಹೋದರು. ಮಳೆಗಾಲದ ನಡುವೆ ತಗಡು ಬಂದವು.

ಮನೆ ಬೆಂಕಿಗೆ ಬಿದ್ದರೆ ಆ ಊರಿನಲ್ಲಿ ಗೋಡೆ ಎಬ್ಬಿಸುವ ಮುಂಚೆ ಗುಡ್ಡದವ್ವನ ಹತ್ತಿರ ಹೂ ಕೇಳುತ್ತಾರೆ. ಅವ್ವ ಅಂದರೆ ಬಂಡೆಯ ಕೆಳಗಿನ ಒಂದು ಕಲ್ಲು, ಮೈತುಂಬ ಅರಿಶಿನದ ಭಂಡಾರ. ಮನುಷ್ಯರು ಹಚ್ಚಿದ ಬೆಂಕಿಯಾದರೆ ದೋಷವಿಲ್ಲ, ಒಂದು ಕಾಯಿ ಒಡೆದು ಕಟ್ಟಿಕೊಳ್ಳಬಹುದು. ಅವ್ವನೇ ಕೊಟ್ಟ ಬೆಂಕಿಯಾದರೆ ಆ ಜಾಗ ಅವಳು ತೆಗೆದುಕೊಂಡಂತೆ; ಅವಳು ತಿರುಗಿ ಕೊಡುವ ತನಕ ಕಟ್ಟುವಂತಿಲ್ಲ. ಪೂಜಾರಿ ಅಜ್ಜ ಎರಡು ಕಣಗಿಲ ಹೂವು ನೀರಲ್ಲಿ ಅದ್ದಿ ಕಲ್ಲಿನ ಎರಡೂ ಹೆಗಲಿಗೆ ಅಂಟಿಸಿದ.

"ಅವ್ವಾ, ಈ ಬೆಂಕಿ ನೀ ಕೊಟ್ಟಿದ್ದಾದ್ರ ಬಲಕ್ಕ ಕೊಡು. ಮನಷ್ಯಾರ ಕೈಯಾಗಿಂದ ಬಂದಿದ್ದಾದ್ರ ಎಡಕ್ಕ ಕೊಡು."

ನಾನು ಅಕ್ಕನ ಹಿಂದೆ ನಿಂತಿದ್ದೆ. ಎಡಗಡೆಯ ಹೂವು ಬಿಟ್ಟು ಬೇರೆ ಏನೂ ನನಗೆ ಕಾಣುತ್ತಿರಲಿಲ್ಲ. ಅದು ಬಿದ್ದರೆ ಅವ್ವನ ಕಾಲಿಗೆ ಬಿದ್ದು ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಬಲಗಡೆಯದು ಬಿತ್ತು.

ಅಕ್ಕ ನೆಲಕ್ಕೆ ಹಣೆ ಹಚ್ಚಿ ಅತ್ತಳು. "ಉಡಿ ತುಂಬ್ತೀನಂತ ಹೇಳಿ ತುಂಬಲಿಲ್ಲ ನಾನು. ನನ್ನ ತಪ್ಪು ಅವ್ವಾ." ನನಗೆ ಏನಾಯಿತು ಗೊತ್ತೇ? ಸಮಾಧಾನವಾಯಿತು. ಅವ್ವ ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ನನ್ನನ್ನು ಬಿಟ್ಟಳು ಅಂದುಕೊಂಡೆ. ಅದು ಹೋಗಿ ಬಿದ್ದದ್ದು ಅಕ್ಕನ ಮೇಲೆ ಅಂತ ಕಣ್ಣೆದುರೇ ಇದ್ದರೂ ನೋಡಲಿಲ್ಲ.

ಬಾಳೆ ತೋಟದ ಒಬ್ಬ ಯಜಮಾನರು ತಮ್ಮ ಮೋಟರ್ ಮನೆಯಲ್ಲಿ ಇರಿ ಅಂದರು, ತೋಟ ಕಾದ ಹಾಗೂ ಆಯಿತು ಅಂತ. ಹತ್ತು ಹೆಜ್ಜೆಯ ಕೋಣೆ, ಅದರ ಅರ್ಧಕ್ಕೆ ನೀರೆತ್ತುವ ಮೋಟರ್. ಕರೆಂಟು ಬಂದಾಗ ಅದು ಗುಂಯ್ ಅಂತ ಶುರುವಾಗುತ್ತಿತ್ತು. ಉಣ್ಣುತ್ತಿದ್ದವರು ಹಾಗೇ ಸುಮ್ಮನೆ ಉಣ್ಣಬೇಕು, ಮಾತು ಕೇಳುವುದಿಲ್ಲ. ಗೋಡೆಗೆ ಎಣ್ಣೆಯ ಜಿಡ್ಡು. ಅಕ್ಕನ ರೊಟ್ಟಿಗೂ ಆ ವಾಸನೆ ಹತ್ತಿತ್ತು.

ಅಕ್ಕ ಆ ವರ್ಷವೇ ಉಡಿ ತುಂಬಿದಳು. ಮರುವರ್ಷ ಯುಗಾದಿ ಕಳೆದ ಮೇಲೆ ಕಟ್ಟಲು ಅಪ್ಪಣೆ ಇದ್ದರೆ ಬಲಕ್ಕೆ ಕೊಡು ಅಂತ ಕೇಳಿದರೆ ಹೂವು ಎಡಕ್ಕೆ ಬಿತ್ತು, ಬೇಡ ಅಂತ. ಉಡಿ ತುಂಬಿದರೂ ಅವ್ವ ಒಲಿಯಲಿಲ್ಲ ಅಂದರೆ ಇನ್ನೂ ಏನೋ ಉಳಿದಿದೆ ಅಂತ ಅಕ್ಕ ತನ್ನ ತಪ್ಪು ಹುಡುಕಲು ಶುರು ಮಾಡಿದಳು. ಅತ್ತೆಗೆ ಯಾವಾಗಲೋ ಎದುರು ಮಾತಾಡಿದ್ದು, ಮುಟ್ಟಿನ ದಿನ ಗೊತ್ತಿಲ್ಲದೆ ಅವ್ವನ ಬಂಡೆಯ ಮುಂದೆ ಹಾದದ್ದು. ಒಂದೊಂದನ್ನೇ ನನ್ನ ಮುಂದೆ ಹೇಳುತ್ತಿದ್ದಳು, "ಇದ ಇರಬೌದೇನೋ ತಮ್ಮಾ?" ಅಂತ. "ಇರಲಿಕ್ಕಿಲ್ಲಕ್ಕ," ಅನ್ನುತ್ತಿದ್ದೆ. ಅಷ್ಟೇ ಅನ್ನುತ್ತಿದ್ದೆ. ಎರಡನೇ ವರ್ಷವೂ ಬೇಡ ಅಂತಾದ ಮೇಲೆ ಅವಳು ಚಪ್ಪಲಿ ಬಿಟ್ಟಳು. ಮನೆ ಕೊಡುವ ತನಕ ಬರಿಗಾಲಲ್ಲಿ ಇರುತ್ತೇನೆ ಅಂತ ಅವ್ವನಿಗೆ ಹೇಳಿ ಬಂದಳು.

ಮಾವನಿಗೆ ಕಟ್ಟುವ ಆಸೆ. ತಗಡುಗಳು ಸುಟ್ಟ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದ್ದವು.

"ಹೂ ಅಂದ್ರ ಹೂ. ಗಾಳಿ ಬಂದ ಕಡಿ ಬೀಳ್ತತಿ. ಕಟ್ಟೂನು ನಡಿ," ಅನ್ನುತ್ತಿದ್ದ.

"ಕಟ್ಟಿ ಮತ್ತ ಸುಟ್ರ? ಆವಾಗ ಮನ್ಯಾಗ ಯಾರೂ ಇರಲಿಲ್ಲ. ಮುಂದಿನ ಸಲ ಹುಡುಗಿ ಇದ್ರ?"

ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಮಾವ ನನ್ನ ಕಡೆ ತಿರುಗಿ "ನೀನರ ಹೇಳಪಾ ಎರಿಯವನ, ನಿನ್ನ ಮಾತು ಕೇಳ್ತಾಳ," ಅನ್ನುತ್ತಿದ್ದ. ನಾನು ಬೀಡಿ ನೆಪ ಮಾಡಿ ಹೊರಗೆ ಎದ್ದು ಹೋಗುತ್ತಿದ್ದೆ. ಆಮೇಲೆ ಬೀಡಿಯೂ ಬಿಟ್ಟೆ. ಕುರಿ ಮಾರಿದೆ, ಕಾಲು ನೋವು ಅಂತ ಊರಲ್ಲಿ ಹೇಳಿದೆ. ಗಂಗಾವತಿಯಲ್ಲಿ ಹಮಾಲಿಗೆ ನಿಂತೆ. ಅಲ್ಲಿಂದ ಅಕ್ಕನ ಮನೆಗೆ ಬಸ್ಸಿನಲ್ಲಿ ಸ್ವಲ್ಪ ಹೊತ್ತು. ಆದರೂ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ. ಹೋದರೆ ಅವಳ ಕಾಲು ನೋಡಬೇಕಾಗುತ್ತಿತ್ತು. ಹಿಮ್ಮಡಿ ಬೇಸಿಗೆಯ ಎರಿ ಹೊಲದ ಹಾಗೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಮೇಣ ತುಂಬಿಕೊಳ್ಳುತ್ತಿದ್ದಳು.

ಯಾಕೆ ಹೇಳಲಿಲ್ಲ ಅಂತ ಯಾರಾದರೂ ಕೇಳಿದರೆ ಹೇಳಲು ನನಗೆ ದೊಡ್ಡ ಕಾರಣ ಇಲ್ಲ. ಮೊದಲ ವಾರ ಅಂಜಿಕೆ ಇತ್ತು. ಮೊದಲ ವರ್ಷ ನಾಚಿಕೆ ಇತ್ತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳುವುದು ಅನ್ನುವುದೇ ದೊಡ್ಡದಾಯಿತು. ಒಂದೊಂದು ವರ್ಷ ಕಳೆದ ಹಾಗೆ ಅದರ ತೂಕ ಹೆಚ್ಚಾಗುತ್ತಲೇ ಹೋಯಿತು.

ಆರನೇ ವರ್ಷ ಕುಷ್ಟಗಿ ಕಡೆಯಿಂದ ಅಕ್ಕನ ಮಗಳನ್ನು ನೋಡಲು ಬಂದರು. ಹುಡುಗಿಗೆ ಹದಿನೆಂಟು ತುಂಬಿತ್ತು. ಅಕ್ಕ ಹೇಳಿ ಕಳಿಸಿದ್ದಕ್ಕೆ ನಾನೂ ಹೋಗಿದ್ದೆ. ಬಾಳೆ ಗಿಡದ ನಡುವೆ ಜಮಖಾನೆ ಹಾಸಿ ಹುಡುಗನ ದೊಡ್ಡಪ್ಪನನ್ನೂ ತಾಯಿಯನ್ನೂ ಕೂರಿಸಿದೆವು. ಅವಲಕ್ಕಿ, ಚಹಾ ಆಯಿತು.

"ಹುಡುಗಿ ಛಲೋ ಅದಾಳ್ರಿ. ಮನಿ ಎಲ್ಲೈತ್ರಿ ನಿಮ್ದು?" ಅಂದ ದೊಡ್ಡಪ್ಪ.

"ಸದ್ಯಕ್ಕ ಇದ ರೀ," ಅಂತ ಮಾವ ಹಿಂದೆ ಕೈ ತೋರಿಸಿದ. ಅದೇ ಹೊತ್ತಿಗೆ ಕರೆಂಟು ಬಂದು ಮೋಟರ್ ಕೂಗಿತು. ಮಾವ ಓಡಿ ಹೋಗಿ ಬಂದ್ ಮಾಡಿ ಬಂದ.

ದೊಡ್ಡಪ್ಪ ನಕ್ಕ. "ಬೀಗರು ಮಾತಾಡೂದ್ರಾಗ ನಿಮ್ಮ ಮೋಟರ ಮಾತಾಡಾಕತ್ತಿತಲ್ರಿ."

ನಾವೂ ನಕ್ಕೆವು. ಹುಡುಗನ ತಾಯಿ ನಗಲಿಲ್ಲ. "ಬರೂಮುಂದ ಆ ಸುಟ್ಟ ಗ್ವಾಡಿ ನೋಡಿದ್ವಿ. ಊರಾಗ ಕೇಳಿದ್ವಿ. ಆರು ವರ್ಷಾತಂತ, ಅವ್ವ ಕೊಡವಲ್ಲಳಂತ." ಅಕ್ಕನ ಕಾಲಿನ ಕಡೆ ನೋಡಿ ಹೇಳಿದಳು, "ತಪ್ಪು ತಿಳಕೋಬ್ಯಾಡ್ರಿ ಯವ್ವಾ. ಅವ್ವಗ ಬ್ಯಾಡಾದ ಮನಿ ಹೆಣ್ಣು ನಮಗ ಹೆಂಗ ಬೇಕಾದೀತು?"

ಹುಡುಗಿ ಮೋಟರ್ ಮನೆಯ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಅಕ್ಕ ಬಟ್ಟಲು ಎತ್ತಿ ತೊಳೆಯಲು ಕಾಲುವೆಗೆ ಹೋದಳು.

ಮರುದಿನ ಮುಂಜಾನೆ "ನನ್ನ ಜೋಡಿ ಬಾ," ಅಂದಳು. ಇಬ್ಬರೂ ಗುಡ್ಡ ಹತ್ತಿದೆವು. ಪೂಜಾರಿ ಅಜ್ಜ ಹೂವು ಅಂಟಿಸಿ ಕೇಳಿದ. ಹೂವು ಬೀಳಲಿಲ್ಲ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬಿಸಿಲು ಏರಿತು. ಅಜ್ಜ ನೆರಳಿಗೆ ಸರಿದು ತೂಕಡಿಸಿದ. ಅಕ್ಕ ಮಾತ್ರ ಬಿಸಿಲಲ್ಲೇ ಕೂತಿದ್ದಳು. ಬಂಡೆ ಕಾದು ನನ್ನ ಚಪ್ಪಲಿಯ ಅಡಿಗೂ ಸುಡುತ್ತಿತ್ತು. ಅವಳು ಎರಡೂ ಪಾದ ಮಡಿಸಿ ಸೀರೆಯ ಅಂಚಿನ ಮೇಲೆ ಇಟ್ಟುಕೊಂಡಿದ್ದಳು. ಅಷ್ಟು ಸಣ್ಣ ಅಂಚು, ಅದರ ಮೇಲೆ ಆ ಬಿರುಕು ಬಿಟ್ಟ ಪಾದ. ನನಗೆ ಇನ್ನು ಆಗಲಿಲ್ಲ.

"ಅಕ್ಕಾ, ಏಳು. ಹೋಗೂನು."

"ಸುಮ್ನ ಕುಂದ್ರು. ಏನರ ಹೇಳ್ತಾಳ."

"ಆಕಿ ಏನೂ ಹೇಳಂಗಿಲ್ಲ. ಆಕಿ ಹಚ್ಚಿಲ್ಲ. ಹಚ್ಚಿದಾವ ನಾನು."

ಅವಳು ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ನನ್ನ ಮೇಲೆ ಮರುಕ ಇತ್ತು. "ಹುಚ್ಚಪ್ಪಾ. ಹುಡುಗಿ ಮದಿವಿ ಆಗಲಿ ಅಂತ ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಿಯೇನು? ಸುಳ್ಳು ಹೇಳಿ ಕಟ್ಟಿದ ಮನ್ಯಾಗ ಇರಾಕ ಆಗ್ತೈತೇನು?"

ನಿಜ ಹೇಳಿದರೂ ಅವಳು ನಂಬಲಿಲ್ಲ. ಅಷ್ಟು ಒಳ್ಳೆಯವನು ಅಂತ ನನ್ನನ್ನು ತಿಳಿದಿದ್ದಳು. ಲಕ್ಕಿ ಟೊಂಗೆಯಿಂದ ಮೂರು ಕಡೆ ಬಡಿದದ್ದು ಹೇಳಿದೆ, ಬಂಡೆಯ ಹಿಂದಿನ ಎಲೆ ಹೇಳಿದೆ, ಮೊದಲು ಕುರಿ ಹೊಡೆದದ್ದು ಹೇಳಿದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು.

"ಅವತ್ತ ಮುಂಜಾನಿ ನಿನ್ನ ಗೂಡಿನ್ಯಾಗಿಂದ ಕಡ್ಡಿಪೆಟ್ಟಿಗಿ ತಗೊಂಡು ಹೋಗಿದ್ದೆ. ಅದಕ್ಕ ಬಾಳಿ ನಾರು ಸುತ್ತಿದ್ದಿ ನೀನು."

ತಲೆ ಅಲ್ಲಾಡುವುದು ನಿಂತಿತು. ಅವಳು ಕಲ್ಲಿನ ಕಡೆ ತಿರುಗಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ಕೊಯ್ಲಿಗೆ ಹೋಗೂಮುಂದ ದೀಪ ಹಚ್ಚೂಣಂತ ಹುಡಕಿದೆ. ಸಿಗಲಿಲ್ಲ. ಆಟಕ್ಕ ತಗೊಂಡಿ ಅಂತ ಹುಡುಗಿಗೆ ಹೊಡದೆ. ನಾ ತಗೊಂಡಿಲ್ಲಬೇ, ನಾ ತಗೊಂಡಿಲ್ಲಬೇ ಅಂತ ಗಡ್ಡಿ ಮುಟ್ಟೂತನ ಅತ್ಲು ಅಕಿ."

ಅಜ್ಜನಿಗೆ ಎಚ್ಚರವಾಗಿತ್ತು. ಎಲ್ಲಾ ಕೇಳಿಸಿಕೊಂಡಿದ್ದ. "ಹಂಗಾರ ಮೊದಲನೇ ಸಲ ಹೂ ಬಲಕ್ಕ ಯಾಕ ಬಿತ್ತವಾ?" ಅಂತ ತನ್ನನ್ನೇ ಕೇಳಿಕೊಂಡ ಹಾಗೆ ಕೇಳಿದ.

"ಗಾಳಿಗೆ ಬಿದ್ದಿರಬೇಕಜ್ಜ," ಅಂತ ಅಕ್ಕ ಎದ್ದಳು. "ಬೆಂಕಿನೂ ಗಾಳಿಗೇ ಬಂತಲ್ಲ."

ಇಳಿಯುವಾಗ ಸುಟ್ಟ ಗೋಡೆಯ ಹತ್ತಿರ ಒಂದು ಕ್ಷಣ ನಿಂತಳು. "ಹುಲ್ಲಿಗೇನು?" ಅಂದಳು. "ಹೂಂ," ಅಂದೆ. "ಅಪ್ಪನ ಬೇವಿನ ಗಿಡ," ಅಂದಳು. ಮುಂದೆ ಹೋದಳು. ಮಾವ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದ. ಅವನಿಗೂ ನಾನೇ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಕಾಲು ಒರೆಸಿಕೊಂಡು, "ನಾ ಹೇಳಿದ್ದೆ ನಿನಗ," ಅಂದ, ಅಷ್ಟೇ. ಅವತ್ತಿನಿಂದ ಮಾವ ನನ್ನನ್ನು ಎರಿಯವನ ಅಂತ ಕರೆದಿಲ್ಲ.

ಹೇಳಿದ ಮೇಲೆ ಹಗುರಾಗುತ್ತದೆ ಅಂತ ಮಂದಿ ಅನ್ನುತ್ತಾರೆ. ನನಗೆ ಮಿಲ್ಲಿನಲ್ಲಿ ಎರಡು ವಾರ ಚೀಲ ಎತ್ತಲು ಬೆನ್ನು ಬರಲಿಲ್ಲ. ಅಕ್ಕ ಕೂಡಲೇ ಕಟ್ಟಲು ಶುರು ಮಾಡುತ್ತಾಳೆ ಅಂದುಕೊಂಡಿದ್ದೆ, ಮಾಡಲಿಲ್ಲ. ಮಗಳು ಒಮ್ಮೆ ಸಂತೆಗೆ ಬಂದವಳು ಮಿಲ್ಲಿನ ಗೇಟಿಗೆ ಬಂದು ಹೇಳಿದಳು.

"ಅಪ್ಪ ದಿನಾ ಅಂತಾನ ಮಾವ, ಈಗರ ಕಟ್ಟೂನು ಅಂತ. ಅವ್ವ ತಡೀರಿ ಅಂತಾಳ. ಆರು ವರ್ಷ ಬ್ಯಾಡ ಅನ್ನಾಕ ಗುಡ್ಡದಾಕಿ ಇದ್ಲು, ಈಗ ಹೂಂ ಅನ್ಬೇಕಂದ್ರ ನಾನ ಅನ್ಬೇಕು, ಬಾಯಿ ಬರವಲ್ದು ಅಂತಾಳ."

"ನಿನಗ ನನ್ನ ಮ್ಯಾಲೆ ಸಿಟ್ಟಿಲ್ಲೇನು?" ಅಂದೆ.

"ನಾ ಕಡ್ಡಿಪೆಟ್ಟಿಗಿ ತಗೊಂಡಿದ್ದಿಲ್ಲ ಅಂತ ಈಗರ ಗೊತ್ತಾತಲ್ಲ," ಅಂದು ಬಸ್ಸಿಗೆ ಓಡಿದಳು.

ಮೂರನೇ ವಾರ ಅಕ್ಕ ಹೂಂ ಅಂದಳಂತೆ. ಮಳೆ ಬರುವುದರೊಳಗೆ, ಅದೇ ಜಾಗದಲ್ಲಿ, ಅದೇ ಗೋಡೆಗಳ ಮೇಲೆ. ಸುದ್ದಿ ಕೇಳಿ ಹೋದೆ. ಊರಿನಿಂದ ಬೇವಿನ ತೊಲೆ ತರಿಸುತ್ತೇನೆ ಅಂದೆ. ಅಪ್ಪ ತೀರಿಕೊಂಡಿದ್ದ, ಬದುವಿನಲ್ಲಿ ಎರಡು ಸಣ್ಣ ಬೇವು ಉಳಿದಿದ್ದವು.

"ಬ್ಯಾಡ," ಅಂದಳು. "ಕಬ್ಬಿಣದ ಪೈಪು ಹಾಕ್ತೀನಿ. ಸುಡಂಗಿಲ್ಲ."

"ಕೆಲಸಕ್ಕರ ಬರ್ತೀನಿ."

"ಅದೂ ಬ್ಯಾಡ. ನೀ ಕಲ್ಲು ಹೊತ್ರ ನನಗ ಸಂಕಟ ಆಗ್ತತಿ. ಈಗ ನನಗ ನಿನ್ನ ಮ್ಯಾಲೆ ಸಂಕಟ ಪಡೂದು ಬೇಕಾಗಿಲ್ಲ."

ಗಂಗಾವತಿಯಿಂದ ಒಂದು ಜೋಡಿ ಚಪ್ಪಲಿ ತೆಗೆದುಕೊಂಡು ಹೋಗಿದ್ದೆ. ಅವಳು ಮೊದಲು ಹಾಕುತ್ತಿದ್ದ ಅಳತೆ ನನಗೆ ಗೊತ್ತಿತ್ತು. ಅವಳು ಬೇಡ ಅನ್ನದೆ ಕಾಲು ಇಟ್ಟಳು. ಹೋಗಲಿಲ್ಲ. ಬರಿಗಾಲಲ್ಲಿ ನಡೆದು ನಡೆದು ಪಾದ ಅಗಲವಾಗಿತ್ತು. ಬೆರಳು ಹೊರಗೆ ಉಳಿದವು. ಇಬ್ಬರೂ ಆ ಕಾಲನ್ನೇ ನೋಡಿದೆವು. "ಹುಡುಗಿ ಹಾಕ್ಕೋತಾಳ ಬಿಡು," ಅಂದಳು.

ಮನೆ ಆಯಿತು. ಒಕ್ಕಲಾಗುವ ದಿನ ನನ್ನನ್ನು ಕರೆಯಲಿಲ್ಲ. ಮಗಳ ಮದುವೆ ಮರುವರ್ಷ ಬೇರೆ ಕಡೆ ಆಯಿತು, ಅದಕ್ಕೆ ಕರೆದರು. ಅಕ್ಕ ಈಗಲೂ ಅವ್ವನಿಗೆ ಉಡಿ ತುಂಬುತ್ತಾಳೆ. ಹೂವು ಮಾತ್ರ ಕೇಳುವುದಿಲ್ಲ. ಕೊಪ್ಪಳದ ಯಾವುದೋ ಕಪಾಟಿನಲ್ಲಿ ಆಕಸ್ಮಿಕ ಅಂತ ಬರೆದ ಕಾಗದದ ಕೆಳಗೆ ನನ್ನ ಸಹಿ ಇದ್ದೇ ಇರುತ್ತದೆ, ಗೆದ್ದಲು ತಿಂದಿರದಿದ್ದರೆ.

ಪ್ರತಿ ಬೇಸಿಗೆ, ಅಡ್ಡ ಮಳೆಯ ಮುಂಚೆ, ನಾನು ಕುಡಗೋಲು ಹಿಡಿದು ಹೋಗಿ ಅವಳ ಮನೆಯ ಹಿಂದೆ ಗುಡ್ಡದ ಬುಡದ ಒಣ ಹುಲ್ಲು ಕೊಯ್ದು ಬರುತ್ತೇನೆ. ಬಂಡೆಯ ಸಂದಿಯ ಎಲೆ ಬಾಚುತ್ತೇನೆ. ಬಾ ಅಂತ ಅವಳು ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಮೊದಮೊದಲು ಒಂದು ಚೊಂಬು ನೀರು ಕಲ್ಲಿನ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ಒಂದೆರಡು ವರ್ಷದ ಮೇಲೆ ಒಳಗೆ ಕರೆದು ಊಟಕ್ಕೆ ಹಾಕಿದಳು. ಆದರೆ ನಾನು ಒಳಗೆ ಇರುವಷ್ಟು ಹೊತ್ತು ಗೂಡಿನಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿರಲಿಲ್ಲ. ಅವಳು ಅದನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಿರುತ್ತಿದ್ದಳು. ಬೇಕಂತ ಮಾಡುತ್ತಿದ್ದಳೋ, ಕೈ ತಾನೇ ಹೋಗುತ್ತಿತ್ತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಹೋದ ಬೇಸಿಗೆ ಹುಲ್ಲು ಕೊಯ್ದು ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಕೂತಿದ್ದೆ. ಅಕ್ಕನಿಗೆ ಈಗ ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ. ಹಿಟ್ಟು ನಾದುತ್ತಿದ್ದ ಕೈ ಹಾಗೇ ಇಟ್ಟುಕೊಂಡು ಹೇಳಿದಳು, "ಒಲಿ ಹಚ್ಚು."

ನಾನು ಎದ್ದೆ. ಗೂಡಿನಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಅದಕ್ಕೆ ಬಾಳೆ ನಾರು ಸುತ್ತಿತ್ತು. ಕೈ ಮುಂದೆ ಹೋಗದೆ ನಿಂತೆ.

"ಏನ್ ನೋಡಾಕತ್ತಿ? ಒಲಿಗೆ ಹಚ್ಚಾಕ ಹೇಳೀನಿ, ಗುಡ್ಡಕ್ಕಲ್ಲ."

ಹಚ್ಚಿದೆ. ಎರಡು ಕಡ್ಡಿ ಬೇಕಾದವು.